ಊರೊಪ್ಪಿಗೆಗೆ ಕಾಯಬೇಕಾಗಿಲ್ಲದ ಹಕ್ಕು: ಊರ ಹಿರಿಯರಿಗೊಂದು ಬಹಿರಂಗ ಪತ್ರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಊರ ಯಜಮಾನರಿಗೆ, ದೇವಸ್ಥಾನ ಸಮಿತಿಗಳ ಪದಾಧಿಕಾರಿಗಳಿಗೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ,

ಮಾನ್ಯರೇ,

"ಊರೆಲ್ಲ ಒಪ್ಪಿದರೆ ನಮ್ಮದೇನೂ ಅಭ್ಯಂತರ ಇಲ್ಲ ಸ್ವಾಮಿ." ದಲಿತ ಕೇರಿಯವರು ದೇವಸ್ಥಾನದೊಳಕ್ಕೆ ಬರುತ್ತೇವೆ ಎಂದಾಗ, ತಹಶೀಲ್ದಾರರೂ ಸರ್ಕಲ್ ಇನ್ಸ್‌ಪೆಕ್ಟರೂ ಬಂದು ಶಾಂತಿ ಸಭೆ ಕರೆದಾಗ, ನಮ್ಮ ಕಡೆಯ ಊರುಗಳಲ್ಲಿ ಮೊದಲು ಕೇಳಿಬರುವ ಮಾತು ಇದು. ಹೇಳುವವರಲ್ಲಿ ಬಹಳ ಮಂದಿ ಸಜ್ಜನರು, ಯಾರಿಗೂ ಕೆಟ್ಟದ್ದು ಬಯಸದವರು. ಹಕ್ಕಿನ ಪ್ರಶ್ನೆ ಎದ್ದಾಗ ಕಲ್ಲು ತೂರುವವರು ಹತ್ತಾರು ಮಂದಿ ಇದ್ದರೆ, ಈ ಮಾತಿನ ಹಿಂದೆ ಹೋಗಿ ನಿಲ್ಲುವವರು ನೂರಾರು. ಆ ನೂರಾರು ಮಂದಿಯನ್ನು ನೆನೆದೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಹೊಳೆನರಸೀಪುರ ಮತ್ತು ಹಾಸನದ ನ್ಯಾಯಾಲಯಗಳಲ್ಲಿ ವಕೀಲಿ ಮಾಡಿ ನಿವೃತ್ತನಾದವನು. ಹುಟ್ಟಿನಿಂದ ನಿಮ್ಮ ಪೈಕಿಯವನು. ಯಾವ ಗುಡಿಯ ಬಾಗಿಲಲ್ಲೂ ಯಾರೂ ನನ್ನನ್ನು ತಡೆದು "ನೀನು ಯಾರ ಕಡೆಯವನಪ್ಪ" ಎಂದು ಕೇಳಿಲ್ಲ. ಊರ ನ್ಯಾಯ, ಕೋರ್ಟಿನ ನ್ಯಾಯ ಎರಡನ್ನೂ ಹತ್ತಿರದಿಂದ ಕಂಡವನಾಗಿ, ನೀವು ಕೇಳಿಸಿಕೊಳ್ಳುತ್ತೀರಿ ಎಂಬ ನಂಬಿಕೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಸಿಗರನಹಳ್ಳಿಯನ್ನು ನೀವು ಮರೆತಿರಲಾರಿರಿ. ಹೊಳೆನರಸೀಪುರ ತಾಲ್ಲೂಕಿನ ಆ ಊರಿನಲ್ಲಿ 2015ರ ಆಗಸ್ಟ್ ಕೊನೆಯಲ್ಲಿ ಸ್ವಸಹಾಯ ಸಂಘದ ಸದಸ್ಯೆಯರಾದ ಕೆಲವು ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನಕ್ಕೆ ಪೂಜೆಗೆಂದು ಹೋದರು. ಊರವರು ಸೇರಿದರು, ಸಾವಿರ ರೂಪಾಯಿ ದಂಡ ಹಾಕಿದರು. ದಂಡಕ್ಕೆ ಕಾರಣ ಕಳ್ಳತನವಲ್ಲ, ಜಗಳವಲ್ಲ. ದೇವರಿಗೆ ಕೈ ಮುಗಿದದ್ದು. ಅಲ್ಲಿಂದ ಮುಂದೆ ಬೀಗ, ಪ್ರತಿಭಟನೆ, ಸಭೆಯ ಮೇಲೆ ಸಭೆ. ಮರುವರ್ಷ ಪೊಲೀಸ್ ಬಂದೋಬಸ್ತಿನಲ್ಲಿ ಪ್ರವೇಶದ ಪ್ರಯತ್ನ ನಡೆದಾಗ ಊರು ಮತ್ತೆ ಉದ್ವಿಗ್ನವಾಯಿತು, ರಾಜ್ಯದ ದೊಡ್ಡ ದೊಡ್ಡವರೆಲ್ಲ ಮಾತಾಡಬೇಕಾಯಿತು. ಇಷ್ಟೆಲ್ಲದರ ನಡುವೆ ಒಂದು ಸರಳ ಸಂಗತಿ ಮುಚ್ಚಿಹೋಯಿತು. ಆ ಹೆಣ್ಣುಮಕ್ಕಳು ಹೊಸಿಲು ದಾಟುವ ಹೊತ್ತಿಗೆ, ಹಾಗೆ ದಾಟುವ ಹಕ್ಕು ಕಾನೂನಿನಲ್ಲಿ ಬಂದು ಅರವತ್ತು ವರ್ಷ ದಾಟಿತ್ತು. ಮೈಸೂರು ಸಂಸ್ಥಾನ ದೇವಾಲಯ ಪ್ರವೇಶ ಕಾಯ್ದೆ ಮಾಡಿದ್ದು 1948ರಲ್ಲಿ. ಅಂದರೆ ಅವರು ಯಾರನ್ನೂ ಏನನ್ನೂ ಬೇಡಲು ಹೋಗಿರಲಿಲ್ಲ. ತಮ್ಮದೇ ಆದದ್ದನ್ನು ಬಳಸಲು ಹೋಗಿದ್ದರು.

ಈ ಮಾತಿಗೆ ನಿಮ್ಮಿಂದ ಬರುವ ಮೊದಲ ಪ್ರಶ್ನೆ ನನಗೆ ಗೊತ್ತು. "ಪ್ರಜಾಪ್ರಭುತ್ವ ಅಂದರೆ ಬಹುಮತ ತಾನೇ? ನೂರು ಮನೆಯಲ್ಲಿ ಎಂಬತ್ತು ಮನೆ ಬೇಡ ಅಂದರೆ ಸರ್ಕಾರವಾಗಲಿ ಕೋರ್ಟಾಗಲಿ ಅದಕ್ಕೆ ಬೆಲೆ ಕೊಡಬೇಡವೇ?" ಇದು ಕೇಳಲೇಬೇಕಾದ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ.

ಬೆಲೆ ಕೊಡಬೇಕಾದ ಕಡೆ ಖಂಡಿತ ಕೊಡಬೇಕು. ಕೆರೆಯ ಹೂಳು ಈ ವರ್ಷ ತೆಗೆಸಬೇಕೋ ಮುಂದಿನ ವರ್ಷವೋ, ಪಂಚಾಯಿತಿಯ ದುಡ್ಡು ಚರಂಡಿಗೋ ಬೀದಿ ದೀಪಕ್ಕೋ, ಹೇಮಾವತಿ ನಾಲೆಯ ನೀರು ಯಾವ ತೂಬಿಗೆ ಯಾವಾಗ, ಜಾತ್ರೆ ಯಾವ ವಾರ ಎಂಬುದನ್ನೆಲ್ಲ ಊರೊಟ್ಟಿಗೆ ಕೂತು ಕೈ ಎತ್ತಿ ತೀರ್ಮಾನಿಸಬೇಕು. ಸೋತವರು ಒಪ್ಪಬೇಕು. ಸರ್ಕಾರ ಜನರ ಮಾತಿಗೆ ಕಿವಿಗೊಡದೆ ಹೋದರೆ ಅದು ಸರ್ಕಾರವೇ ಅಲ್ಲ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತದ್ದರ ಹಿಂದೆ ವರ್ಷಗಟ್ಟಲೆ ಬೀದಿಗಿಳಿದ ಹಳ್ಳಿಯ ಹೆಂಗಸರ ಒತ್ತಾಯವಿತ್ತು. ಜನಮತ ಸರ್ಕಾರವನ್ನು ಒಳ್ಳೆಯ ದಾರಿಗೆ ಎಳೆದ ಇಂಥ ನಿದರ್ಶನಗಳು ನಮ್ಮಲ್ಲಿ ಬೇಕಾದಷ್ಟಿವೆ, ಅವುಗಳ ಬಗ್ಗೆ ನನಗೆ ಹೆಮ್ಮೆಯಿದೆ.

ಆದರೆ ಇವೆಲ್ಲ ಎಲ್ಲರಿಗೂ ಸೇರಿದ ಸಂಗತಿಗಳು. ಎಲ್ಲರದ್ದಾದ್ದರಿಂದ ಹೆಚ್ಚು ಜನ ಹೇಳಿದಂತೆ ನಡೆಯಬಹುದು. ಒಬ್ಬ ಮನುಷ್ಯ ಇನ್ನೊಬ್ಬನಷ್ಟೇ ಮನುಷ್ಯನೋ ಅಲ್ಲವೋ ಎಂಬುದು ಆ ಬಗೆಯ ಸಂಗತಿಯಲ್ಲ. ನಿಮ್ಮ ಜಮೀನಿನ ಪಹಣಿ ನಿಮ್ಮ ಹೆಸರಲ್ಲಿದೆ. ನಾಳೆ ಊರಿನವರೆಲ್ಲ ಸೇರಿ "ಇವನ ಗದ್ದೆ ನಮಗೆ ಬೇಕು" ಎಂದು ಕೈ ಎತ್ತಿದರೆ ಅದು ಅವರದಾಗುತ್ತದೆಯೇ? ಆಗುವುದಿಲ್ಲ ಎಂದು ನಿಮಗೆ ಗೊತ್ತು. ಆ ದಿನ ಊರು ನಿಮ್ಮ ಎದುರು ನಿಂತಿದ್ದರೂ ನೀವು ಹಾಸನದ ಕೋರ್ಟಿನ ಮೆಟ್ಟಿಲು ಹತ್ತುತ್ತೀರಿ. ನ್ಯಾಯಾಧೀಶರು ಎಷ್ಟು ಜನ ಬಂದಿದ್ದಾರೆ ಎಂದು ಎಣಿಸದೆ ಪತ್ರ ನೋಡಲಿ ಎಂದು ಬಯಸುತ್ತೀರಿ. ವಕೀಲಿಯ ಉದ್ದಕ್ಕೂ ಹೀಗೆ ಒಂಟಿಯಾಗಿ ಬಂದ ರೈತರ ಪರ ನಿಂತಿದ್ದೇನೆ. ಎದುರು ಪಕ್ಷದವರು ಟ್ರ್ಯಾಕ್ಟರ್ ತುಂಬ ಜನ ತಂದ ದಿನವೂ ಒಂಟಿ ರೈತ ಗೆದ್ದದ್ದನ್ನು ಕಂಡಿದ್ದೇನೆ. ನಿಮಗೆ ಅಷ್ಟು ಸಹಜವಾಗಿ ಸಿಗುವ ಆ ರಕ್ಷಣೆಯನ್ನೇ ಕೇರಿಯ ಹೆಣ್ಣುಮಗಳು ಕೇಳುತ್ತಿದ್ದಾಳೆ. ಅವಳ ಪಹಣಿ ಸಂವಿಧಾನದ 17ನೇ ವಿಧಿ.

ಆ ವಿಧಿ ಬಂದ ಬಗೆಯನ್ನೂ ಒಂದಿಷ್ಟು ಹೇಳಬೇಕು. ಸಂವಿಧಾನ ರಚನಾ ಸಭೆ ಅಸ್ಪೃಶ್ಯತೆಯನ್ನು ರದ್ದುಗೊಳಿಸುವ ವಿಧಿಯನ್ನು 1948ರ ನವೆಂಬರ್ 29ರಂದು ಅಂಗೀಕರಿಸಿತು. ಆಗ ಕರಡಿನಲ್ಲಿ ಅದರ ಸಂಖ್ಯೆ 11. ಸಭೆಯಲ್ಲಿ ಗಾಂಧೀಜಿಗೆ ಜಯಕಾರ ಮೊಳಗಿತು. ಕೆಂಗಲ್ ಹನುಮಂತಯ್ಯ, ಟಿ. ಚನ್ನಯ್ಯ ಮುಂತಾದ ನಮ್ಮ ಮೈಸೂರಿನವರೂ ಸದಸ್ಯರಾಗಿದ್ದ ಸಭೆ ಅದು. ಅದೇ ತಿಂಗಳ 4ರಂದು ಕರಡನ್ನು ಸಭೆಯ ಮುಂದಿಡುತ್ತ ಅಂಬೇಡ್ಕರ್ ಅವರು ಒಂದು ಎಚ್ಚರಿಕೆ ಕೊಟ್ಟಿದ್ದರು. ಸಂವಿಧಾನಕ್ಕೆ ತಕ್ಕ ನಡತೆ ನಮ್ಮಲ್ಲಿ ತಾನಾಗಿ ಹುಟ್ಟುವುದಿಲ್ಲ, ಅದನ್ನು ಬೆಳೆಸಿಕೊಳ್ಳಬೇಕು, ನಮ್ಮ ಜನ ಅದನ್ನಿನ್ನೂ ಕಲಿಯಬೇಕಾಗಿದೆ ಎಂಬುದು ಅವರ ಮಾತಿನ ತಾತ್ಪರ್ಯ. ದೇಶದ ಬಹುಸಂಖ್ಯಾತರು ಅಂದು ತಮ್ಮ ಪ್ರತಿನಿಧಿಗಳ ಮೂಲಕ ಸಮಾಧಾನದಿಂದ ಕೂತು, ವರ್ಷಗಟ್ಟಲೆ ಚರ್ಚಿಸಿ, ಮುಂದೆ ಎಂದೋ ಕೋಪದ ಗಳಿಗೆಯಲ್ಲಿ ತಾವೇ ಏನು ಮಾಡಬಾರದು ಎಂದು ಬರೆದಿಟ್ಟರು. ನಿಮ್ಮ ಕಟ್ಟೆಯ ಸಭೆ ಒಂದು ಸಂಜೆಯದು. ಅದರ ಬಹುಮತ ಈ ಬಹುಮತವನ್ನು ಅಳಿಸಲಾರದು.

ಸಂಸತ್ತೇ ಅಳಿಸಲಾರದು ಎಂದಮೇಲೆ ಊರ ಕಟ್ಟೆಯ ಮಾತೇನು! ಹಾಗೆಂದ ಸುಪ್ರೀಂ ಕೋರ್ಟಿನ ತೀರ್ಪಿಗೂ ಕನ್ನಡದ ನಂಟಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಮಠದ ಭೂಮಿಗಾಗಿ ಸುಪ್ರೀಂ ಕೋರ್ಟಿಗೆ ಹೋದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ, 7-6ರ ಅಂತರದಲ್ಲಿ, ಎಷ್ಟೇ ದೊಡ್ಡ ಬಹುಮತವಿದ್ದರೂ ಸಂಸತ್ತು ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದಿತು. ಒಬ್ಬ ಸ್ವಾಮೀಜಿ ಸರ್ಕಾರದ ಎದುರು ಒಂಟಿಯಾಗಿ ನಿಂತದ್ದರಿಂದ ನಮಗೆಲ್ಲ ಆ ಕಾವಲು ದೊರೆಯಿತು.

ಇನ್ನು ದೇವಸ್ಥಾನದ ಮಾತಿಗೇ ಬಂದರೆ ಮೂಲ್ಕಿಯ ಮೊಕದ್ದಮೆಯನ್ನು ನೀವು ತಿಳಿಯಬೇಕು. ನಮ್ಮ ಜಿಲ್ಲೆಯ ಹಲವರು "ನಮ್ಮ ದೇವಸ್ಥಾನ ನಮ್ಮ ಕುಲದವರು ಕಟ್ಟಿಸಿದ್ದು, ನಮ್ಮ ಖಾಸಗಿ" ಎಂದು ಹೇಳುವುದರಿಂದ ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ದಕ್ಷಿಣ ಕನ್ನಡದ ಮೂಲ್ಕಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರದು. ಆಗ ಆ ಸೀಮೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1947ರ ಮದ್ರಾಸ್ ದೇವಾಲಯ ಪ್ರವೇಶ ಕಾಯ್ದೆ ತಮಗೆ ಅನ್ವಯಿಸದು, ಇದು ನಮ್ಮ ಪಂಗಡದ ಗುಡಿ, ಧಾರ್ಮಿಕ ವಿಷಯಗಳನ್ನು ನಾವೇ ನಡೆಸಿಕೊಳ್ಳಲು ಸಂವಿಧಾನದ 26ನೇ ವಿಧಿ ಅವಕಾಶ ಕೊಟ್ಟಿದೆ ಎಂದು ಆಡಳಿತದವರು ವಾದಿಸಿದರು. ದುರ್ಬಲವಾದ ವಾದವೇನಲ್ಲ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಆ ವಾದದ ಅರ್ಧವನ್ನು ಒಪ್ಪಿದರು. ಹೌದು, ಇದು ಪಂಗಡದ ದೇವಸ್ಥಾನವೇ. ಒಳಗೆ ಯಾರು ಬರಬಹುದು ಎಂಬುದು ಧಾರ್ಮಿಕ ವಿಷಯವೂ ಹೌದು. ಆದರೂ ಸಾರ್ವಜನಿಕ ಸ್ವರೂಪದ ಹಿಂದೂ ದೇವಸ್ಥಾನಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆಯುವ ಅಧಿಕಾರ ಸರ್ಕಾರಕ್ಕೆ 25ನೇ ವಿಧಿಯಲ್ಲಿದೆ, ಅದರ ಮುಂದೆ ಪಂಗಡದ ಹಕ್ಕು ಪೂರ್ತಿ ಬಾಗಿಲು ಮುಚ್ಚುವಷ್ಟು ದೊಡ್ಡದಲ್ಲ ಎಂದರು. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಪಂಗಡದವರಿಗೆ ಮಾತ್ರ ಅವಕಾಶ ಉಳಿಯಿತು. ಉಳಿದ ಹೊತ್ತಿಗೆ ಬಾಗಿಲು ಎಲ್ಲರಿಗೂ ತೆರೆಯಿತು. ಆ ತೀರ್ಪು ಬಂದದ್ದು 1957ರ ನವೆಂಬರಿನಲ್ಲಿ, ಮೂಲ್ಕಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ. ದಾಖಲೆಯಲ್ಲಿ ಪ್ರತಿವಾದಿಯ ಹೆಸರು ಮೈಸೂರು ರಾಜ್ಯ ಎಂದೇ ಇದೆ. ಮೂಲ್ಕಿಯ ಭಕ್ತರಲ್ಲಿ ಹೆಚ್ಚಿನವರು ಯಾವ ಕಡೆ ಇದ್ದಾರೆ ಎಂದು ಕೋರ್ಟು ಕೇಳಲಿಲ್ಲ. ಎರಡೂ ಹಕ್ಕುಗಳನ್ನು ಎದುರುಬದುರು ಇಟ್ಟು ತೂಗಿತು. ನ್ಯಾಯಾಲಯದ ಕೆಲಸವೇ ಅದು. ಎಣಿಸುವ ಕೆಲಸಕ್ಕೆ ಚುನಾವಣಾ ಆಯೋಗವಿದೆ.

ಎಣಿಕೆಯ ಮಾತು ಬಂತಲ್ಲ, ನಿಮ್ಮನ್ನು ಇನ್ನೊಂದು ಕೇಳಬೇಕು. "ಊರೆಲ್ಲ" ಎನ್ನುತ್ತೀರಲ್ಲ, ಆ ಊರಿನಲ್ಲಿ ಯಾರು ಯಾರಿದ್ದಾರೆ? ನಾನು ವಕೀಲನಾಗಿ ಕೂತ ಒಂದು ಶಾಂತಿ ಸಭೆಯ ಚಿತ್ರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಊರ ಹೆಸರು ಬೇಡ. ಅರಳಿಕಟ್ಟೆಯ ಮೇಲೆ ಹಿರಿಯರು, ಕೆಳಗೆ ಕುರ್ಚಿಗಳಲ್ಲಿ ಅಧಿಕಾರಿಗಳು, ಸುತ್ತ ಗಂಡಸರು. ಕೇರಿಯವರು ದೂರದಲ್ಲಿ, ಶಾಲೆಯ ಕಾಂಪೌಂಡಿಗೆ ಒರಗಿ ನಿಂತಿದ್ದರು. ಹೆಂಗಸರು ಒಬ್ಬರೂ ಇರಲಿಲ್ಲ. ಮಾತಾಡಿದವರು ಐದೋ ಆರೋ ಮಂದಿ. ಸಭೆ ಮುಗಿದ ಮೇಲೆ "ಊರಿನ ತೀರ್ಮಾನ" ಎಂದು ಬರೆದರು. ಅಲ್ಲಿಂದ ಹೊರಟಾಗ ಒಬ್ಬ ತರುಣ, ಮೇಲಿನ ಬೀದಿಯ ಹುಡುಗನೇ, ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ: "ಸಾರ್, ನಮ್ಮ ವಯಸ್ಸಿನವರಿಗೆ ಇದೆಲ್ಲ ಬೇಡ. ಆದರೆ ಅಪ್ಪನ ಮುಂದೆ ಹೇಗೆ ಹೇಳೋದು." ಅವನಂಥವರು ಎಷ್ಟು ಮಂದಿ ಇದ್ದರೋ ಯಾರೂ ಎಣಿಸಲಿಲ್ಲ. ನೀವು ಬಹುಮತ ಎಂದು ಕರೆಯುತ್ತಿರುವುದು ಬಹಳ ಸಲ ಬಾಯಿ ಇರುವವರ ಮತ. ಹೆಂಗಸರ, ಹುಡುಗರ, ಕೂಲಿಯವರ, ಕೇರಿಯವರ ಮಾತನ್ನೂ ಸೇರಿಸಿ ಲೆಕ್ಕ ಹಾಕಿದರೆ ನಿಮ್ಮ ಊರು ನೀವು ಅಂದುಕೊಂಡಿರುವುದಕ್ಕಿಂತ ದೊಡ್ಡ ಮನಸ್ಸಿನದಿರಬಹುದು.

"ಹಿಂದಿನಿಂದ ನಡೆದುಕೊಂಡು ಬಂದದ್ದು" ಎಂಬ ಮಾತಿಗೂ ಒಂದು ಉತ್ತರ ನಮ್ಮ ಸೀಮೆಯೊಳಗೇ ಇದೆ. ಬೇಲೂರಿನ ಚೆನ್ನಕೇಶವನ ಸನ್ನಿಧಿಗೆ, ಮೇಲುಕೋಟೆಯ ಚೆಲುವನಾರಾಯಣನ ಸನ್ನಿಧಿಗೆ ವರ್ಷದ ಗೊತ್ತಾದ ದಿನಗಳಲ್ಲಿ ಹೊಲೆಯರಿಗೆ ಪ್ರವೇಶವಿತ್ತು. ರಾಮಾನುಜಾಚಾರ್ಯರ ಕಾಲದಿಂದ ಬಂದ ಪದ್ಧತಿ ಎಂದು ನಂಬಿಕೆ. ಬಿ. ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರಿನಲ್ಲೂ ಇದು ದಾಖಲಾಗಿದೆ. ಸುಮಾರು ಒಂಬತ್ತು ನೂರು ವರ್ಷಗಳ ಹಿಂದಿನದೆಂದು ನಾವೇ ಹೇಳಿಕೊಳ್ಳುವ ಈ ಸಂಪ್ರದಾಯವನ್ನು ಬಿಟ್ಟು, ಅಜ್ಜನ ಕಾಲದ ಬೀಗವನ್ನು ಸಂಪ್ರದಾಯ ಎನ್ನುವುದು ಸರಿಯೇ? ಹಾಗೆಂದು ವರ್ಷಕ್ಕೆ ಕೆಲವು ದಿನದ ಆ ಪ್ರವೇಶ ಸಾಕು ಎನ್ನುತ್ತಿಲ್ಲ. ಅದು ದೊಡ್ಡವರು ತೋರಿದ ದಯೆಯಾಗಿತ್ತು. ದಯೆಗೆ ತಾರೀಖು ಇರುತ್ತದೆ, ಹಕ್ಕಿಗೆ ಇರುವುದಿಲ್ಲ.

ಮೈಸೂರು ಸಂಸ್ಥಾನದ ಆಡಳಿತವೂ ಇಂಥ ಗಳಿಗೆಗಳನ್ನು ಕಂಡಿತ್ತು. 1915ರಲ್ಲಿ ಶೃಂಗೇರಿಯ ಶಾಲೆಗೆ ಪಂಚಮರ, ಅಂದರೆ ದಲಿತರ, ಮಕ್ಕಳನ್ನು ಸೇರಿಸಿಕೊಳ್ಳುವ ಪ್ರಶ್ನೆ ಬಂದಾಗ ಊರಿನಿಂದ ವಿರೋಧ ಬಂತು. ವಿದ್ಯಾ ಇಲಾಖೆಯಲ್ಲಿದ್ದ ಸಿ. ಆರ್. ರೆಡ್ಡಿಯವರು ಮಕ್ಕಳ ಪರ ನಿಂತರು. ಊರಿನ ಒಪ್ಪಿಗೆಗೆ ಅಂದು ಕಾದಿದ್ದರೆ ಆ ಮಕ್ಕಳ ಕಲಿಯುವ ವಯಸ್ಸು ಕಳೆದುಹೋಗುತ್ತಿತ್ತು. ನಮ್ಮ ಕಾಲದಲ್ಲೇ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ 1986ರ ಮಾರ್ಚಿನಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಜನಜಂಗುಳಿ ಹೊಡೆದು ಓಡಿಸಿತು. ಆ ದಿನ ಗೆದ್ದದ್ದು ಗುಂಪು. ಸರ್ಕಾರ ಅದಕ್ಕೆ ತಲೆಬಾಗದೆ ಆ ಸೇವೆಯನ್ನು ನಿಷೇಧಿಸಿತು. ಇವತ್ತು ಚಂದ್ರಗುತ್ತಿಗೆ ಹೋಗುವ ಭಕ್ತರಲ್ಲಿ ಯಾರು ಅದನ್ನು ಮರಳಿ ತನ್ನಿ ಎನ್ನುತ್ತಾರೆ?

ನ್ಯಾಯಾಲಯ ಬಹುಮತಕ್ಕೆ ಬಾಗಬಾರದು ಎಂದೆ. ಬಾಗದ ನ್ಯಾಯಾಧೀಶರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ಊರಿನ ಬಹುಮತ ಕೋರ್ಟಿನೊಳಕ್ಕೆ ನುಗ್ಗುವ ದಾರಿ ನ್ಯಾಯಾಧೀಶರ ಪೀಠದ ಮೇಲಿಲ್ಲ, ಸಾಕ್ಷಿಕಟ್ಟೆಯಲ್ಲಿದೆ. ಇದನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ, ವಕೀಲರಿಗೆ ಚೆನ್ನಾಗಿ ಗೊತ್ತು. ಪೊಲೀಸರ ಮುಂದೆ ಎಲ್ಲವನ್ನೂ ಹೇಳಿದ ಮನುಷ್ಯ ಕೋರ್ಟಿನಲ್ಲಿ ಕಟಕಟೆ ಹಿಡಿದು "ನಾನೇನೂ ನೋಡಿಲ್ಲ" ಎನ್ನುತ್ತಾನೆ. ಹಾಗೆ ಹೇಳುವಾಗ ಅವನ ಕಣ್ಣು ನ್ಯಾಯಾಧೀಶರ ಕಡೆ ಇರುವುದಿಲ್ಲ, ಹಿಂದಿನ ಬೆಂಚಿನ ಮೇಲೆ ಕೂತ ಊರಿನವರ ಕಡೆ ಇರುತ್ತದೆ. ಅವನಿಗೆ ಸಂಜೆ ಅದೇ ಊರಿಗೆ ಹಿಂತಿರುಗಬೇಕು. ಅಂಗಡಿಯಲ್ಲಿ ಸಾಮಾನು ಕೇಳಬೇಕು, ಇನ್ನೊಬ್ಬರ ಹೊಲದ ಬದುವಿನ ಮೇಲೆ ನಡೆದು ತನ್ನ ಹೊಲಕ್ಕೆ ಹೋಗಬೇಕು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟು ಕೊಂದರು. ಸಾಕ್ಷಿಗಳು ಪ್ರತಿಕೂಲವಾದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, ಮುಂದೆ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜೀವ ಹೋದದ್ದು ನಿಜ, ಕೊಂದವರು ಯಾರೂ ಇಲ್ಲ. ಬಹುಮತ ಸಾಕ್ಷಿಯ ಗಂಟಲು ಹಿಡಿದಾಗ ನ್ಯಾಯ ಹೀಗೆ ಸಾಯುತ್ತದೆ, ಒಂದು ಕಲ್ಲೂ ತೂರಬೇಕಾಗಿಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳ ಪ್ರವೇಶದ ಪ್ರಶ್ನೆಯೇ ಅದರ ಹಿಂದಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲಿನ ಕೋರ್ಟುಗಳ ವಿಚಾರ ಬೇರೆ. ನೀವು ನೋಡಬೇಕಾದದ್ದು ಇಷ್ಟು: ಗುಂಪಿನಲ್ಲಿ ನಿಂತಾಗ ಎಲ್ಲರೂ "ಊರು". ಆರೋಪಪಟ್ಟಿಯಲ್ಲಿ ಊರು ಇರುವುದಿಲ್ಲ, ಒಬ್ಬೊಬ್ಬರ ಹೆಸರು, ತಂದೆಯ ಹೆಸರು, ವಯಸ್ಸು ಇರುತ್ತದೆ. ನಿಮ್ಮ ಮಾತಿಗೆ ಬೆಲೆ ಕೊಟ್ಟು ಮುಂದೆ ನಿಂತ ಹುಡುಗರ ಬದುಕು ನಿಮ್ಮ ಕೈಯಲ್ಲಿದೆ.

ನ್ಯಾಯಾಲಯ ಜನರ ಗದ್ದಲಕ್ಕೆ ಬಾಗಬಾರದು ಎನ್ನುವುದು ದಲಿತರ ಪರವಾಗಿ ಮಾತ್ರ ಇರುವ ನಿಯಮವಲ್ಲ ಎಂಬುದನ್ನೂ ಹೇಳಬೇಕು. 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಬಳಿ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಕ್ಕಿ ಕೊಂದಾಗ ಜನ ಹೂಮಳೆ ಸುರಿಸಿದರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಪೊಲೀಸರ ಕಥೆ ನಂಬಲರ್ಹವಲ್ಲ ಎಂದಿತು. ಜನ ಬೇಡಿದ್ದನ್ನು ಕೊಡುವುದೇ ನ್ಯಾಯವಾದರೆ ವಿಚಾರಣೆ ಯಾಕೆ ಬೇಕು? ದಕ್ಷಿಣ ಆಫ್ರಿಕದ ಸಾಂವಿಧಾನಿಕ ನ್ಯಾಯಾಲಯ 1995ರಲ್ಲಿ ಮರಣದಂಡನೆಯನ್ನು ರದ್ದುಪಡಿಸುವಾಗ, ಜನರಲ್ಲಿ ಹೆಚ್ಚಿನವರು ಅದು ಇರಲಿ ಎನ್ನುತ್ತಿರಬಹುದು, ಆದರೂ ಸಂವಿಧಾನದ ಅರ್ಥವನ್ನು ಜನಾಭಿಪ್ರಾಯ ತೀರ್ಮಾನಿಸುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ನಮ್ಮ ಹಾಸನ ಲೋಕಸಭಾ ಕ್ಷೇತ್ರದ 2019ರ ಆಯ್ಕೆಯನ್ನೇ ಹೈಕೋರ್ಟು 2023ರ ಸೆಪ್ಟೆಂಬರ್ 1ರಂದು ಅಸಿಂಧುಗೊಳಿಸಿದ್ದು ನಿಮಗೆ ನೆನಪಿರಬೇಕು. ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು, ಸರಿ. ಆದರೆ ಲಕ್ಷದ ಮೇಲಿನ ಗೆಲುವಿನ ಅಂತರ, ನಾಮಪತ್ರದ ಜೊತೆಗಿಟ್ಟ ಪ್ರಮಾಣಪತ್ರ ಸರಿಯೇ ಎಂಬ ಪ್ರಶ್ನೆಗೆ ಉತ್ತರವಾಗಲಿಲ್ಲ. ಗೆಲ್ಲಿಸುವುದು ಮತದಾರರ ಕೆಲಸ. ಗೆದ್ದವರು ಕಾಯ್ದೆಯಂತೆ ನಡೆದರೋ ಎಂದು ನೋಡುವುದು ಕೋರ್ಟಿನ ಕೆಲಸ.

ಅಧಿಕಾರಿಗಳಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಪತ್ರ ಅವರ ಮೇಜಿಗೂ ಹೋಗಬಹುದು. ಶಾಂತಿ ಸಭೆ ಬೇಡ ಎನ್ನಲಾರೆ. ಊರು ಉರಿಯದಿರಲಿ ಎಂಬ ನಿಮ್ಮ ಕಾಳಜಿ ದೊಡ್ಡದು. ಆದರೆ ಒಳಗೆ ಬಿಡಬೇಕೋ ಬೇಡವೋ ಎಂಬುದು ಆ ಸಭೆಯ ವಿಷಯಪಟ್ಟಿಯಲ್ಲಿ ಬರಲೇಬಾರದು. ಯಾವ ಹೊತ್ತಿಗೆ, ಬಂದೋಬಸ್ತು ಹೇಗೆ, ಪೂಜೆ ಯಾರದು ಎಂಬಷ್ಟೇ ಅಲ್ಲಿ ಮಾತಾಗಲಿ. ಹಕ್ಕನ್ನೇ ಮಾತುಕತೆಗೆ ಇಟ್ಟ ಕ್ಷಣ, ಬೇಡ ಎನ್ನುವ ಅಧಿಕಾರ ಊರಿಗಿದೆ ಎಂದು ಸರ್ಕಾರವೇ ಒಪ್ಪಿದಂತೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ದೌರ್ಜನ್ಯ ತಡೆ ಕಾಯ್ದೆಯ 4ನೇ ಸೆಕ್ಷನ್ ಕರ್ತವ್ಯ ಮರೆತ ನೌಕರನಿಗೂ ಶಿಕ್ಷೆ ಇಟ್ಟಿದೆ.

ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ 2021ರಲ್ಲಿ ಅಧಿಕಾರಿಗಳ, ಪೊಲೀಸರ ಸಮ್ಮುಖದಲ್ಲಿ ದಲಿತರು ಊರಿನ ದೇವಸ್ಥಾನಗಳಿಗೆ ಮೊದಲ ಬಾರಿಗೆ ಹೋದರು. ಹಾಗೆ ಹೋಗಬಹುದು, ಹೋಗಬೇಕು ಎಂಬುದಕ್ಕೆ ನಮ್ಮ ಪಕ್ಕದ ಊರೇ ಸಾಕ್ಷಿ. ಮಂಡ್ಯದ ಹನಕೆರೆಯಲ್ಲಿ 2024ರ ನವೆಂಬರಿನಲ್ಲಿ ಕಾಲಭೈರವೇಶ್ವರ ದೇವಸ್ಥಾನಕ್ಕೆ ದಲಿತರು ಪ್ರವೇಶಿಸಿದಾಗ ಕೆಲವರು ಉತ್ಸವಮೂರ್ತಿಯನ್ನೇ ಎತ್ತಿ ಬೇರೆ ಕಡೆ ಇಟ್ಟರು. ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರಲ್ಲಿ ಒಬ್ಬ ಶಾಲಾ ಹುಡುಗ ದೇವರ ಕೋಲು ಮುಟ್ಟಿದ್ದಕ್ಕೆ ಅವನ ಬಡ ಕುಟುಂಬಕ್ಕೆ ಅರವತ್ತು ಸಾವಿರ ರೂಪಾಯಿ ದಂಡ ಹಾಕಿದರು. ದೇವರನ್ನು ಎತ್ತಿಕೊಂಡು ಹೋಗುವ ಊರಾಗಬೇಕೋ, ಮಗುವಿಗೆ ದಂಡ ಹಾಕುವ ಊರಾಗಬೇಕೋ, ದಿಂಡಗೂರಿನ ಹಾಗೆ ಬಾಗಿಲು ತೆರೆದ ಊರಾಗಬೇಕೋ ಎಂಬುದು ನಿಮ್ಮ ಕೈಯಲ್ಲಿದೆ.

ನಿಮ್ಮ ಮನಸ್ಸು ಇವತ್ತೇ ಬದಲಾಗಲಿ ಎಂದು ಕಾನೂನು ಕೇಳುವುದಿಲ್ಲ. ನಾನೂ ಕೇಳಲಾರೆ. ಮನಸ್ಸು ನಿಧಾನ, ಅದರ ಪಾಡಿಗೆ ಅದು ಬದಲಾಗುತ್ತದೆ. ಕೈ ಮಾತ್ರ ಇವತ್ತೇ ಬಾಗಿಲಿನಿಂದ ಹಿಂದೆ ಸರಿಯಬೇಕು. ಬೆಳಗ್ಗೆ ಡೇರಿಯಲ್ಲಿ ಕೇರಿಯ ಹಾಲೂ ಮೇಲಿನ ಬೀದಿಯ ಹಾಲೂ ಒಂದೇ ಕ್ಯಾನಿಗೆ ಬೀಳುತ್ತವೆ, ನೋಡುವುದು ಕೊಬ್ಬಿನಂಶವನ್ನು ಮಾತ್ರ. ಹಾಸನದ ಒಕ್ಕೂಟಕ್ಕೆ ಹೋಗಿ ಪೊಟ್ಟಣವಾಗಿ ಬಂದ ಅದೇ ಹಾಲಿನಲ್ಲಿ ನಿಮ್ಮ ದೇವರಿಗೆ ಅಭಿಷೇಕವಾಗುತ್ತದೆ. ದೇವರು ಬೇಡ ಅಂದಿಲ್ಲ.

ಹಾಗಾಗಿ ನಿಮ್ಮನ್ನು ನೇರವಾಗಿ ಕೇಳುತ್ತಿದ್ದೇನೆ. ದೇವಸ್ಥಾನಕ್ಕೆ ಬಂದದ್ದಕ್ಕೆ, ಮುಟ್ಟಿದ್ದಕ್ಕೆ, ಹೋಟೆಲಿನಲ್ಲಿ ಲೋಟ ತೆಗೆದುಕೊಂಡದ್ದಕ್ಕೆ ಹಾಕಿದ ದಂಡದ ಲೆಕ್ಕ ನಿಮ್ಮ ಊರ ಪುಸ್ತಕದಲ್ಲಿದ್ದರೆ ಆ ಹಣವನ್ನು ಕರೆದು ಹಿಂದಿರುಗಿಸಿ. ಕದ್ದುಮುಚ್ಚಿ ಬೇಡ, ದಂಡ ಹಾಕಿದ ಕಟ್ಟೆಯ ಮೇಲೆಯೇ ಕೊಡಿ. ಗಲಾಟೆ ಬೇಡವೆಂದು ಗುಡಿಗೆ ಬೀಗ ಹಾಕಿ ಎಲ್ಲರನ್ನೂ ಹೊರಗಿಟ್ಟಿದ್ದರೆ ಬೀಗ ತೆಗೆಯಿರಿ. ಬರುವ ಹಬ್ಬಕ್ಕೆ ವಂತಿಗೆ ಎತ್ತುವಾಗ ಕೇರಿಯ ಮನೆಗಳಿಗೂ ಹೋಗಿ, ವಂತಿಗೆಯ ಜೊತೆಗೆ ಸೇವೆಯ ಪಟ್ಟಿಯಲ್ಲಿ ಅವರ ಹೆಸರನ್ನೂ ಬರೆಯಿರಿ, ತೇರಿನ ಮಿಣಿ ಅವರ ಕೈಗೂ ಕೊಡಿ. ಹಣ ಮಾತ್ರ ಪಡೆದು ಮಿಣಿ ಕೊಡದೆ ಇರುವುದು ಎಷ್ಟೋ ಕಡೆ ನಡೆಯುತ್ತಿದೆ, ಅದು ಇನ್ನೂ ದೊಡ್ಡ ಅನ್ಯಾಯ. ಹಕ್ಕು ಕೇಳಿದರು ಎಂದು ಕೂಲಿ ನಿಲ್ಲಿಸುವುದು, ದಿನಸಿ ಕೊಡದಿರುವುದು, ಹಾಲು ಬೇಡ ಎನ್ನುವುದು ಸಾಮಾಜಿಕ ಬಹಿಷ್ಕಾರ. ಕಾಯ್ದೆಯಲ್ಲಿ ಅದು ಅಪರಾಧ. ಅಂಥ ಮಾತು ಕಟ್ಟೆಯಲ್ಲಿ ಎದ್ದರೆ ಮೊದಲು ಬೇಡ ಎನ್ನುವ ದನಿ ನಿಮ್ಮದಾಗಲಿ. ಮತ್ತು ನಿಮ್ಮ ಊರಿನ ಯಾವನಾದರೂ ಕೋರ್ಟಿಗೆ ಸಾಕ್ಷಿಗೆ ಹೊರಟರೆ ಅವನ ಮನೆಗೆ ಹೋಗಿ "ನೋಡಿದ್ದನ್ನು ನೋಡಿದ ಹಾಗೆ ಹೇಳಿ ಬಾ, ಊರಿನಲ್ಲಿ ನಿನಗೇನೂ ಆಗದಂತೆ ನಾನಿದ್ದೇನೆ" ಎಂದು ಹೇಳಿ. ಯಜಮಾನಿಕೆಗೆ ಇದಕ್ಕಿಂತ ದೊಡ್ಡ ಉಪಯೋಗ ನನಗೆ ಕಾಣುವುದಿಲ್ಲ.

ಗ್ರಾಮ ಪಂಚಾಯಿತಿ ಸದಸ್ಯರಲ್ಲಿ ಒಂದು ಬಿನ್ನಹ. ನಿಮ್ಮ ಅಧಿಕಾರ ಬಂದಿರುವುದು ಸಂವಿಧಾನದಿಂದ. ನಿಮ್ಮ ಬೀದಿಯವರು ಮತ ಹಾಕಿ ಗೆಲ್ಲಿಸಿದರು ನಿಜ, ಕೇರಿಯವರೂ ಹಾಕಿದ್ದಾರೆ. ಮುಂದಿನ ಗ್ರಾಮ ಸಭೆಯಲ್ಲಿ, ನಮ್ಮ ಪಂಚಾಯಿತಿಯ ಎಲ್ಲ ದೇವಸ್ಥಾನ, ಹೋಟೆಲು, ಕ್ಷೌರದಂಗಡಿ, ನೀರಿನ ನಲ್ಲಿಗಳು ಎಲ್ಲರಿಗೂ ತೆರೆದಿವೆ ಎಂದು ಒಂದು ಸಾಲು ನಡಾವಳಿಯಲ್ಲಿ ಬರೆಸಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ಅದು ಈಗಾಗಲೇ ಕಾನೂನು. ಬರೆಸಿ ಪಂಚಾಯಿತಿ ಕಚೇರಿಯ ಗೋಡೆಗೆ ಹಚ್ಚಿ.

ಹೆಚ್ಚು ಬರೆದಿದ್ದರೆ ಕ್ಷಮಿಸಿ. ನಿಮ್ಮಲ್ಲಿ ಯಾರಾದರೂ ಈ ವಿಚಾರದಲ್ಲಿ ಮುಂದೆ ಹೆಜ್ಜೆ ಇಡುವುದಾದರೆ, ಕಾನೂನಿನ ಕಾಗದಪತ್ರ ಬರೆದುಕೊಡಲು, ಅಧಿಕಾರಿಗಳ ಮುಂದೆ ಜೊತೆಯಲ್ಲಿ ಕೂರಲು ನಾನು ಸಿದ್ಧನಿದ್ದೇನೆ. ಶುಲ್ಕದ ಮಾತಿಲ್ಲ. ಈ ಪತ್ರ ಓದಿದ ಮೇಲೆ ಕೇರಿಯ ಯಾರಾದರೂ ನಿಮ್ಮ ಗುಡಿಯ ಬಾಗಿಲಿಗೆ ಬಂದರೆ, ಊರವರು ಏನಂತಾರೆ ಎಂದು ಹಿಂದೆ ನೋಡಬೇಡಿ. ಪಕ್ಕಕ್ಕೆ ಸರಿದು ದಾರಿ ಬಿಡಿ.

ಇಂತಿ ತಮ್ಮ ವಿಶ್ವಾಸಿ,
ಹೊಳೆನರಸೀಪುರದ ಒಬ್ಬ ನಿವೃತ್ತ ವಕೀಲ